ಶಾದಿ ಕಟಗಿ

"ಇಳೀರಿ ಮೇಡಂ! ಕಟಗಿ ಮ್ಯಾಲಿಂದ ಮದಲ ಇಳೀರಿ!"

"ಇಳಿಯೂದಿಲ್ಲ! ಏನ್ ಮಾಡ್ತೀರಿ?"

"ನಿಮ್ಮನ್ನೂ ಕೂಡಿಸಿ ಟ್ರ್ಯಾಕ್ಟರಿಗೆ ಹೇರತೇನಿ!"

ಬಿಜ್ಜರಗಿಯ ಪರಸಪ್ಪನ ಹೊಲದಲ್ಲಿ, ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ, ನಮ್ಮ ನಿಖತ ದ್ರಾಕ್ಷಿ ಬೊಡ್ಡೆಗಳ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಮೂಗಿನ ತುದಿಯಲ್ಲಿ ಸಿಟ್ಟು. ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವನು ಸಾರವಾಡದ ಕಟ್ಟಿಗೆ ಅಡ್ಡಾದ ಆಫ್ತಾಬ.

ತಪ್ಪು ಯಾರದು ಅಂತ ಕೇಳಿದರೆ, ಪರಸಪ್ಪನದು! ಹಳೆಯ ದ್ರಾಕ್ಷಿ ಪಡ, ಅಂದರೆ ತೋಟ, ಕಿತ್ತು ಹಾಕಿದ್ದ. ಆ ಬೊಡ್ಡೆಗಳನ್ನು ಕೊಡುತ್ತೇನೆ ಅಂತ ಇಬ್ಬರಿಗೂ ಮಾತು ಕೊಟ್ಟಿದ್ದ.

"ಇಬ್ಬರಿಗೂ ಯಾಕ್ ಹೂಂ ಅಂದ್ಯೋ ಮಾರಾಯಾ?" ಆಫ್ತಾಬ ಕೇಳಿದ.

"ನನಗ ಯಾರಿಗೂ ಇಲ್ಲ ಅನ್ನಾಕ ಬರೂದಿಲ್ಲೋ ಯಪ್ಪಾ," ಅಂತ ಪರಸಪ್ಪ ಬೇವಿನ ನೆರಳಿಗೆ ಜಾರಿಕೊಂಡ.

ಆಫ್ತಾಬ ನಿಖತಳ ಕಡೆ ತಿರುಗಿದ. "ಖರೆ ಹೇಳ್ರಿ. ಈ ಕಟಗಿ ಇವತ್ತ ಒಯ್ಯಾಕ ನಿಮ್ಮ ಕಡೆ ಗಾಡಿ ಐತೇನು? ಇಡಾಕ ಜಾಗಾ ಐತೇನು?"

ನಿಖತ ತುಟಿ ಕಚ್ಚಿದಳು. ಗಾಡಿಯೂ ಇರಲಿಲ್ಲ, ಜಾಗವೂ ಇರಲಿಲ್ಲ. ಟಿಕೋಟಾ ಹತ್ತಿರ ಕಟ್ಟಿಗೆ ಕಸದಿಂದ ಕರೆಂಟು ತಯಾರಿಸುವ ಘಟಕ ಕಟ್ಟಬೇಕು ಅಂತ ಅವಳ ಕಂಪನಿ ಯೋಚಿಸುತ್ತಿತ್ತು, ಅಷ್ಟೇ. ಸುತ್ತಲಿನ ಹಳ್ಳಿಗಳಲ್ಲಿ ಕಿತ್ತ ದ್ರಾಕ್ಷಿ ಬೊಡ್ಡೆ, ಕಟ್ಟಿಗೆ ಅಡ್ಡಾಗಳ ತುಂಡು, ಗರಗಸದ ಹೊಟ್ಟು ಎಷ್ಟು ಸಿಗುತ್ತದೆ, ಘಟಕ ವರ್ಷವಿಡೀ ಉರಿಯುವಷ್ಟು ಇದೆಯೋ ಇಲ್ಲವೋ ಅಂತ ನೋಡಿ ಹೇಳುವುದು ಅವಳ ಕೆಲಸ. ಆಮೇಲೆ ತಾನೇ ಘಟಕ!

ಅವಳು ಸುಮ್ಮನೆ ಇಳಿದಳು. ಕಣ್ಣಲ್ಲಿ ನೀರು ಬಂದಿತ್ತು. ಬಿಸಿಲಿಗೆ ಅಂತ ಹೇಳಿಕೊಳ್ಳಬಹುದಿತ್ತು, ಆದರೆ ಬಿಸಿಲಿಗಲ್ಲ.

ಟ್ರ್ಯಾಕ್ಟರ್ ಹೊರಟಿತು. ಹತ್ತು ಮಾರು ಹೋಗಿ ನಿಂತಿತು. ಆಫ್ತಾಬ ಮೊಳದುದ್ದದ ಒಂದು ಬೊಡ್ಡೆ ಹಿಡಿದುಕೊಂಡು ವಾಪಸು ಬಂದ.

"ತೊಗೋರಿ. ಸ್ಯಾಂಪಲ್ಲಿಗೆ ಇರಲಿ." ಅರೆಗಳಿಗೆ ಅವಳ ಮುಖ ನೋಡಿದ. "ಜಗಳ ಮಾತ್ರ ಭಾಳ ಛಲೋ ಮಾಡ್ತೀರಿ ನೋಡ್ರಿ!"

'ಸೊಕ್ಕಿನವ!' ಅಂದುಕೊಂಡಳು ನಿಖತ. ಅಂದುಕೊಂಡೇ ಆ ಬೊಡ್ಡೆಯನ್ನು ಬ್ಯಾಗಿಗೆ ಹಾಕಿಕೊಂಡಳು. ಆಫೀಸಿನ ತನ್ನ ಮೇಜಿನ ಮೇಲೆ ಇಟ್ಟಳು. ಅಂದಿನಿಂದ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಯಾಕೆ ಅಂತ ಕೇಳಬೇಡಿ, ಅವಳಿಗೂ ಗೊತ್ತಿರಲಿಲ್ಲ.

* * *

ಕಟ್ಟಿಗೆ ಬೇಕೆಂದರೆ ಕಟ್ಟಿಗೆ ಅಡ್ಡಾಕ್ಕೇ ಹೋಗಬೇಕಲ್ಲ! ಬಬಲೇಶ್ವರದ ಕಡೆ ಆಫ್ತಾಬನ ಅಡ್ಡಾಕ್ಕಿಂತ ದೊಡ್ಡದು ಇನ್ನೊಂದಿರಲಿಲ್ಲ. ಹಲ್ಲು ಕಡಿದುಕೊಂಡೇ ನಿಖತ ಸಾರವಾಡಕ್ಕೆ ಹೋದಳು. ಮೊದಲನೇ ಸಲ ಕೆಲಸಕ್ಕೆ. ಎರಡನೇ ಸಲವೂ ಕೆಲಸಕ್ಕೇ. ಆಮೇಲಾಮೇಲೆ... ಕೆಲಸ ಹುಡುಕಿಕೊಂಡು!

ಅವಳ ಹತ್ತಿರ ತೇವ ಅಳೆಯುವ ಪುಟ್ಟ ಮೀಟರಿತ್ತು. ಅದರ ಎರಡು ಮುಳ್ಳನ್ನು ಕಟ್ಟಿಗೆಗೆ ಚುಚ್ಚಿದರೆ ಎಷ್ಟು ಹಸಿ, ಎಷ್ಟು ಒಣ ಅಂತ ಅಂಕಿ ತೋರಿಸುತ್ತಿತ್ತು. ಅಡ್ಡಾದ ಒಂದೊಂದು ರಾಶಿಗೂ ಅದನ್ನು ಚುಚ್ಚುತ್ತ ಅವಳು ತಿರುಗುವಾಗ ಆಫ್ತಾಬ ಚಹಾ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದ.

"ಡಾಕ್ಟರಮ್ಮಾ, ನಮ್ಮ ಕಟಗಿಗೆ ಜ್ವರ ಎಷ್ಟ್ ಬಂದಾವ್ರಿ?"

"ಕಟಗಿ ಆರಾಮ ಐತಿ. ಮಾಲಕರ್ದ ತಲಿ ಸ್ವಲ್ಪ ಕೆಟ್ಟೈತಿ."

ಅವನು ನಗುತ್ತಿದ್ದ. ಆ ನಗುವಿಗೆ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. 'ಹಾಳಾದ ಗುಳಿ...' ಅಂತ ನಿಖತ ಅತ್ತ ನೋಡದೆ ಮೀಟರ್ ನೋಡುತ್ತಿದ್ದಳು. ಮೀಟರಿನಲ್ಲಿ ಅಂಕಿಯೇ ಕಾಣುತ್ತಿರಲಿಲ್ಲ.

ಒಂದು ದಿನ ಆಫ್ತಾಬ ಕೇಳಿದ. "ಪಡದಾಗ ಚಾಟ್ನಿ ಮಾಡಿ ಟೊಂಗಿ ಕತ್ತರಿಸಿದ ಮ್ಯಾಲ ರಾಶಿ ರಾಶಿ ಕಡ್ಡಿ ಬೀಳತಾವ. ಅವನ್ನ ಯಾಕ ನಿಮ್ಮ ಘಟಕಕ್ಕ ಹಿಡದಿಲ್ರಿ?"

"ಆ ಕಡ್ಡಿ ಕೂಲಿಗೆ ಬಂದ ಹೆಣ್ಮಕ್ಕಳು ಹೊರಿ ಕಟಗೊಂಡು ಮನಿಗೆ ಒಯ್ತಾರಲಾ! ಒಲಿ ಮುಂದ ಕುಂತಾಕಿ ಕೈಯಾನ ಕಡ್ಡಿ ಕಸಗೊಂಡು ಯಾವ ಕರೆಂಟ್ ಮಾಡೂದು?"

ಆಫ್ತಾಬನ ಕಪ್ಪಿನ ಚಹಾ ಕೈಯಲ್ಲೇ ಆರಿತು. ಆವತ್ತಿನಿಂದ ಅವನು 'ಮೇಡಂ' ಬಿಟ್ಟು 'ನಿಖತ' ಅನ್ನತೊಡಗಿದ. ಅವನ ಬಾಯಲ್ಲಿ ತನ್ನ ಹೆಸರು ಕೇಳಿದ ಆ ಮೊದಲ ದಿನ ನಿಖತ ಬಸ್ಸಿನಲ್ಲಿ ಕೂತು ವಿಜಯಪುರ ಬರುವವರೆಗೂ ಕಿಟಕಿಯಾಚೆ ನೋಡುತ್ತ ನಗುತ್ತಲೇ ಇದ್ದಳು. ಪಕ್ಕದಲ್ಲಿ ಕೂತ ಮುದುಕಿ ಸ್ವಲ್ಪ ಸರಿದು ಕೂತಳು!

* * *

ಎಲ್ಲ ಚೆನ್ನಾಗಿತ್ತು... ತಬಸ್ಸುಮ ಬರುವವರೆಗೆ.

ಅವಳು ಆಫ್ತಾಬನ ಚಿಕ್ಕಪ್ಪನ ಮಗಳು. ಓದು ಮುಗಿಸಿ ಊರಿಗೆ ಬಂದಿದ್ದಳು. ಗೋಧಿ ಬಣ್ಣ, ಮೊಣಕಾಲ ತನಕ ಜಡೆ, ಮಾತಿಗೊಮ್ಮೆ ನಗು. ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಅಡ್ಡಾಕ್ಕೆ ಬರುವವಳು ಅವಳೇ.

"ಭಾಯಿ, ಇವತ್ತ ಬದನಿಕಾಯಿ! ತಣ್ಣಗಾಗೂದ್ರಾಗ ಉಣ್ಣು. ಪೂರಾ ಉಣಬೇಕು ಮತ್ತ!"

ಆಫ್ತಾಬ ಅವಳ ಜಡೆ ಎಳೆದು ರೇಗಿಸುತ್ತಿದ್ದ. ನಿಖತ ಒಂದು ಬೇವಿನ ದಿಮ್ಮಿಗೆ ಮೀಟರನ್ನು ಎಷ್ಟು ಜೋರಾಗಿ ಚುಚ್ಚಿದಳೆಂದರೆ ಮುಳ್ಳು ಸೊಟ್ಟಗಾಯಿತು.

'ಭಾಯಿ ಅಂತಾಳಲ್ಲ, ಇನ್ನೇನು ಬೇಕು ನಿನಗೆ?' ಅಂತ ಅವಳ ಮನಸ್ಸಿನ ಒಂದು ಮೂಲೆ ಹೇಳಿತು.

'ಭಾಯಿಯಂತೆ ಭಾಯಿ!' ಅಂತ ಇನ್ನೊಂದು ಮೂಲೆ ಉರಿದುಬಿತ್ತು. 'ಮದುವೆಯಾಗುವ ತನಕ ಚಿಕ್ಕಪ್ಪನ ಮಕ್ಕಳೆಲ್ಲ ಭಾಯಿಗಳೇ! ನಮ್ಮ ಮಿನಾಜ ಆಪಾ ಕೂಡ ಇಪ್ಪತ್ತು ವರ್ಷ ಭಾಯಿ ಭಾಯಿ ಅಂತಲೇ ಚಿಕ್ಕಪ್ಪನ ಮಗನ ಹೆಂಡತಿಯಾಗಲಿಲ್ಲವೇ?'

ಅದೂ ನಿಜವೇ. ಅವರ ಮನೆತನಗಳಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಮದುವೆಯಾಗುವುದು ಹೊಸದೇನಲ್ಲ. ಮೊದಲು ನೋಡುವುದೇ ಮನೆಯೊಳಗಿನ ಹುಡುಗಿಯನ್ನು. ನಿಖತಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಸುಮ್ಮನೆ ಅಲ್ಲ ಬಿಡಿ.

ಮುಂದಿನ ವಾರವೇ ಇನ್ನೊಂದು ಪೆಟ್ಟು. ವಿಜಯಪುರದ ಗಾಂಧಿ ಚೌಕದ ಹತ್ತಿರ ನಿಖತಳ ಅಬ್ಬಾ ದಾದಾಸಾಬರದು ಹಗ್ಗದ ಅಂಗಡಿ, ಅದರ ಹಿಂದೆಯೇ ಮನೆ. ಭಾನುವಾರ ಅವಳು ಗಲ್ಲಾದ ಮೇಲೆ ಕೂತಿದ್ದಾಗ ಎದುರಿನ ಬಟ್ಟೆ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಆಫ್ತಾಬ! ಹಿಂದೆ ತಬಸ್ಸುಮ!

ನಿಖತ ಹಗ್ಗದ ಸುರುಳಿಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

"ಏನ್ ಬೇ, ಏನ್ ಕಳಕೊಂಡಿ?" ದಾದಾಸಾಬ ಕೇಳಿದರು.

"ಏನಿಲ್ಲ ಅಬ್ಬಾ... ಪಿನ್ನು ಬಿತ್ತು."

ಸುರುಳಿಯ ಸಂದಿಯಿಂದ ನೋಡಿದಳು. ಅಂಗಡಿಯವನು ಹಸಿರು ಬಟ್ಟೆ ಹರಡಿದ. ಅಂಚಿಗೆ ಜರಿ. ತಬಸ್ಸುಮ ಅದನ್ನು ತಲೆಯ ಮೇಲೆ ಹೊದ್ದು ನೋಡಿದಳು. ಆಫ್ತಾಬ ನಕ್ಕ. ಎಡಗೆನ್ನೆಯ ಗುಳಿ ಇಷ್ಟು ದೂರದಿಂದಲೂ ಕಂಡಿತು!

'ಯಾ ಅಲ್ಲಾ, ನನ್ನ ಕಣ್ಣಿಗೇ ಇದೆಲ್ಲ ಬೀಳಬೇಕಾ?'

ಪಿನ್ನು ಹುಡುಕುತ್ತಿದ್ದ ಮಗಳು ಯಾಕೆ ಅಳುತ್ತಿದ್ದಾಳೆ ಅಂತ ದಾದಾಸಾಬರಿಗೆ ತಿಳಿಯಲಿಲ್ಲ.

* * *

ಅಡ್ಡಾದ ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಒಂದು ರಾಶಿ ಇತ್ತು. ಯಾವಾಗಲೂ ತಾಡಪತ್ರಿ ಮುಚ್ಚಿರುತ್ತಿತ್ತು. ಅಲ್ಲಿಗೆ ಮಾತ್ರ ಆಫ್ತಾಬ ಅವಳನ್ನು ಬಿಡುತ್ತಿರಲಿಲ್ಲ. ಏನಾದರೂ ನೆಪ ಹೇಳಿ ಬೇರೆ ಕಡೆ ಕರೆದೊಯ್ಯುತ್ತಿದ್ದ. ಮರುವರ್ಷ ಮೇ ತಿಂಗಳ ಒಂದು ದಿನ ಅವನಿಲ್ಲದಾಗ ನಿಖತ ತಾಡಪತ್ರಿಯ ತುದಿ ಎತ್ತಿದಳು.

ದ್ರಾಕ್ಷಿ ಬೊಡ್ಡೆಗಳು! ಬಿಜ್ಜರಗಿಯವು! ಅವಳು ಮೇಲೆ ಕೂತು ಜಗಳ ಮಾಡಿದ್ದ ಅದೇ ಕಟ್ಟಿಗೆ. ಒಂದನ್ನೂ ಮಾರಿರಲಿಲ್ಲ. ಸಾಲಾಗಿ, ಗಾಳಿಯಾಡುವ ಹಾಗೆ ಸಂದಿ ಬಿಟ್ಟು ಒಟ್ಟಿದ್ದರು. ಸುತ್ತಲೂ ಹಸಿರು ಬಟ್ಟೆ ಕಟ್ಟಿತ್ತು. ಜರಿಯಂಚಿನ ಬಟ್ಟೆ.

"ಮುಟ್ಟಬ್ಯಾಡ್ರಿ ಬಾಯಾರ!" ಅಡ್ಡಾದ ಹಳೆಯ ಆಳು ಲಾಡಲೇಸಾಬ ಓಡಿ ಬಂದ. "ಅದು ಆಫ್ತಾಬಂದು ಶಾದಿ ಕಟಗಿ!"

"ಶಾದಿ... ಕಟಗಿ?"

"ಹೌದ್ರಿ. ಈ ಮನಿತನದ ರೂಢಿ ಅದು. ಹುಡುಗನ ಮನಸಿಗೆ ಹುಡುಗಿ ಬಂದ್ಲು ಅಂದ್ರ ತಾನ ಸ್ವತಾ ಒಂದ ಗಾಡಿ ಕಟಗಿ ಆರಿಸಿ ವರ್ಷ ಒಣಗಸ್ತಾನ. ಒಣಗಿದ ಮ್ಯಾಲ ಗಾಡಿ ಹುಡುಗಿ ಮನಿ ಮುಂದ ಹೋಗಿ ನಿಂದರತೈತಿ. ಅದಾ ಕೇಳೂದು. ಬಾಯಿಲೆ ಕೇಳಾಂಗಿಲ್ಲ. ಶಾದಿ ಊಟದ ಒಲಿಗೆ ಅದಾ ಕಟಗಿ."

ನಿಖತ ತಾಡಪತ್ರಿಯ ತುದಿ ಬಿಟ್ಟಳು. "ಹುಡುಗಿ... ಯಾರು?"

"ಅದನ್ನ ಅಂವ ಹೇಳಾಂಗಿಲ್ಲ, ನಾವು ಕೇಳಾಂಗಿಲ್ಲ." ಲಾಡಲೇಸಾಬ ತಾಡಪತ್ರಿ ಎಳೆಯುತ್ತ ನಕ್ಕ. "ಆದ್ರ ತಬಸ್ಸುಮ ದಿನಾ ಬಂದು ಒಂದೊಂದ ಬಿಸಲಿಗೆ ತಿರುವಿ ಇಡತಾಳ್ರಿ. ಮಕ್ಕಳಂಗ ಜ್ವಾಕಿಲೆ ನೋಡಕೊಂಡಾಳ."

ಸಾಕಲ್ಲ! ನಿಖತಳಿಗೆ ಇನ್ನು ಏನು ಬೇಕಿತ್ತು?

ಅವಳು ಹೇಗೆ ಬಸ್ಸು ಹತ್ತಿದಳೋ, ಹೇಗೆ ಮನೆ ಸೇರಿದಳೋ! ಒಂದೇ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. 'ನನ್ನ ಜಗಳದ ಕಟ್ಟಿಗೆ... ನಾನು ಕೂತಿದ್ದ ಕಟ್ಟಿಗೆ... ಅವಳ ಮದುವೆ ಊಟಕ್ಕೆ!'

ಬೇರೆ ಯಾವ ಕಟ್ಟಿಗೆಯಾದರೂ ಆಗಿದ್ದರೆ ಅಳುತ್ತಿದ್ದಳು, ಅಷ್ಟೇ. ಇದಕ್ಕೆ ಮೈಯೆಲ್ಲ ಉರಿಯಿತು.

* * *

ಅದೇ ವಾರ ಅಕಾಲದ ಮಳೆ ಹೊಡೆಯಿತು. ಆಲಿಕಲ್ಲು ಬೇರೆ. ಟಿಕೋಟಾದ ಜಾಗದಲ್ಲಿ ಕಂಪನಿ ಒಂದು ಸಣ್ಣ ಪ್ರಯೋಗದ ಯಂತ್ರ ತಂದು ಕೂರಿಸಿತ್ತು. ಶನಿವಾರ ಹಳ್ಳಿಯವರ ಮುಂದೆ, ಮೇಲಿನ ಸಾಹೇಬರ ಮುಂದೆ ಅದನ್ನು ನಡೆಸಿ ತೋರಿಸಬೇಕು. ಇಲ್ಲಿನ ಕಟ್ಟಿಗೆ ಕಸದಿಂದ ಕರೆಂಟು ಬಂದರೆ ಘಟಕ. ಬರದಿದ್ದರೆ ಕಂಪನಿ ಗಂಟುಮೂಟೆ ಕಟ್ಟುತ್ತದೆ. ನಿಖತಳಿಗೆ ಬೇರೆ ಊರು.

ಯಂತ್ರಕ್ಕೆ ಒಣ ಕಟ್ಟಿಗೆಯೇ ಬೇಕು. ಮೀಟರಿನಲ್ಲಿ ಇಪ್ಪತ್ತರ ಒಳಗೆ. ಈಗ ಎಲ್ಲಿ ಚುಚ್ಚಿದರೂ ಮೂವತ್ತೈದು, ನಲವತ್ತು.

"ಹಸಿ ಕಟಗಿ ಹಾಕಿದ್ರ ಬರೇ ಹೊಗಿ ಬರತೈತಿ," ಅಂದ ಯಂತ್ರದ ಎಂಜಿನಿಯರ್ ಕುನಾಲ. "ಒಂದ ಗಾಡಿ ಒಣ ಕಟಗಿ ಎಲ್ಲಾದ್ರೂ ಸಿಗತೈತೇನು ನೋಡು."

ಒಂದು ಗಾಡಿ ಒಣ ಕಟ್ಟಿಗೆ... ತಗಡಿನ ಮಾಡಿನ ಕೆಳಗೆ... ತಾಡಪತ್ರಿಯೊಳಗೆ...

'ಬೇಡ ನಿಖತ. ಅದು ಅವರ ಮದುವೆಯದು.'

'ಅದಕ್ಕೇ!' ಅಂತು ಹೊಟ್ಟೆಕಿಚ್ಚು.

ಶುಕ್ರವಾರ ಜುಮ್ಮಾ ಹೊತ್ತಿಗೆ ಅಡ್ಡಾ ಖಾಲಿ. ಎಲ್ಲರೂ ಮಸೀದಿಗೆ. ಪ್ರಯೋಗಕ್ಕೆ ಅಡ್ಡಾದ ಯಾವ ಕಟ್ಟಿಗೆ ಬೇಕಾದರೂ ಒಯ್ಯಬಹುದು ಅಂತ ಕಂಪನಿಗೂ ಆಫ್ತಾಬನಿಗೂ ಕರಾರಿತ್ತು. ನಿಖತ ಟ್ರ್ಯಾಕ್ಟರ್ ತರಿಸಿದಳು. ಆಳುಗಳಿಗೆ ಹಿತ್ತಲು ತೋರಿಸಿದಳು.

"ಆಫ್ತಾಬಗ ಕೇಳಿಯೇನು?" ಕುನಾಲ ಅನುಮಾನದಿಂದ ನೋಡಿದ.

"ಕರಾರ್ ಐತಿ."

"ಅದಲ್ಲ ನಾ ಕೇಳಿದ್ದು..."

"ಕರಾರ್ ಐತಿ ಅಂದೆ ನೋಡು!"

ಟಿಕೋಟಾದಲ್ಲಿ ಚೂರು ಮಾಡುವ ಯಂತ್ರ ಗರಗರ ಸದ್ದು ಮಾಡಿತು. ಒಂದೊಂದೇ ಬೊಡ್ಡೆ ಒಳಗೆ ಹೋಗಿ ಬೆರಳಗಲದ ಚೂರಾಗಿ ಹೊರಗೆ ಬಿತ್ತು. ಮೊದಲ ಬೊಡ್ಡೆ ಹೋದಾಗ ನಿಖತಳಿಗೆ ಸಮಾಧಾನವಾಯಿತು. ಎರಡನೆಯದಕ್ಕೆ ಏನೂ ಅನ್ನಿಸಲಿಲ್ಲ. ಅರ್ಧ ಗಾಡಿ ಮುಗಿಯುವಷ್ಟರಲ್ಲಿ 'ನಿಲ್ಲಿಸು' ಅನ್ನಬೇಕೆನ್ನಿಸಿತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ? ಹಟ! ಅಷ್ಟೇ, ಹಾಳು ಹಟ.

ಕೊನೆಯ ಬೊಡ್ಡೆ ಒಳಗೆ ಹೋಗುವಾಗ ಬೈಕು ಬಂದು ನಿಂತಿತು.

ಆಫ್ತಾಬ. ತಲೆಯ ಮೇಲೆ ನಮಾಜಿನ ಟೋಪಿ ಹಾಗೇ ಇತ್ತು.

ಅವನು ಚೂರಿನ ರಾಶಿ ನೋಡಿದ. ನಿಖತಳನ್ನು ನೋಡಿದ. ಬಯ್ಯುತ್ತಾನೆ ಅಂತ ಅವಳು ಗಲ್ಲ ಮೇಲೆತ್ತಿ ನಿಂತಳು. ಬಯ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬಗ್ಗಿ ಮಣ್ಣಿನಲ್ಲಿ ಬಿದ್ದಿದ್ದ ಹಸಿರು ಬಟ್ಟೆ ಎತ್ತಿಕೊಂಡ. ಧೂಳು ಝಾಡಿಸಿದ. ಮಡಚಿ ಜೇಬಿಗೆ ಹಾಕಿಕೊಂಡ.

"ಇದು ಏನು ಅಂತ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು." ಅವಳ ದನಿ ಗಡುಸಾಯಿತು. "ಶಾದಿ ಕಟಗಿ."

"ಗೊತ್ತಿದ್ದೂ ಹಾಕಿದ್ರಿ?"

"ಹೂಂ."

ಅವನ ಮುಖ ಬಿಳಚಿಕೊಂಡಿತು. ಆಮೇಲೆ ತಲೆಯಾಡಿಸಿದ.

"ಆತು. ತಿಳೀತು ನನಗ ನಿಮ್ಮ ಜವಾಬು. ನಾಳೆ ನಿಮ್ಮ ಕೆಲಸ ಛಲೋ ಆಗಲಿ, ಮೇಡಂ."

ಮೇಡಂ!

ಬೈಕಿನ ಧೂಳು ಅಡಗುವ ತನಕ ನಿಖತ ಅಲ್ಲೇ ನಿಂತಿದ್ದಳು. 'ಜವಾಬು? ಯಾವ ಜವಾಬು? ನನ್ನನ್ನು ಅವನು ಏನು ಕೇಳಿದ್ದ?'

* * *

ಶನಿವಾರ ಯಂತ್ರ ಒಂದು ಕೆಮ್ಮೂ ಕೆಮ್ಮದೆ ನಡೆಯಿತು. ದ್ರಾಕ್ಷಿ ಕಟ್ಟಿಗೆಯ ಚೂರು ಕೆಂಡವಾಗಿ, ಅನಿಲವಾಗಿ, ಎಂಜಿನ್ ಗುಡುಗುಟ್ಟಿ, ಪೆಂಡಾಲಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿದವು. ಪರಸಪ್ಪ ಎದ್ದು ನಿಂತು ಸಿಳ್ಳೆ ಹಾಕಿದ.

"ನಮ್ಮ ಪಡದ ಕಟಗಿ! ನೋಡ್ರೋ, ನಮ್ಮ ಪಡದ್ದು!"

ಸಾಹೇಬರು ನಿಖತಳ ಕೈ ಕುಲುಕಿದರು. ಘಟಕ ಟಿಕೋಟಾದಲ್ಲೇ ಆಗುತ್ತದೆ ಅಂದರು. ಒಂದು ವರ್ಷದಿಂದ ಕೇಳಬೇಕೆಂದಿದ್ದ ಮಾತು! ನಿಖತ ನಗಲು ನೋಡಿದಳು, ಆಗಲಿಲ್ಲ. ದೀಪದ ಕಡೆ ಕಣ್ಣೆತ್ತಿದರೆ ಆಫ್ತಾಬ ಬಟ್ಟೆಯ ಧೂಳು ಝಾಡಿಸಿದ್ದೇ ಕಣ್ಮುಂದೆ ಬರುತ್ತಿತ್ತು.

ಆಗ ಜನರ ನಡುವಿನಿಂದ ನುಗ್ಗಿಕೊಂಡು ತಬಸ್ಸುಮ ಬಂದಳು. ಇವತ್ತು ನಗು ಇರಲಿಲ್ಲ. ಅತ್ತು ಕಣ್ಣು ಊದಿದ್ದವು. ನಿಖತಳ ತೋಳು ಹಿಡಿದು ಪೆಂಡಾಲಿನ ಹಿಂದೆ ಎಳೆದುಕೊಂಡು ಹೋದಳು.

"ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಿತ್ತು ಆಪಾ! ಚೂರು ಚೂರು ಮಾಡಿ ಸುಡೂದೇನಿತ್ತು?"

"ನಾ... ನಾ ಯಾಕ ಬ್ಯಾಡ ಅನ್ನಲಿ? ನಿನ್ನ ಶಾದಿ ಕಟಗಿ..."

"ನನ್ನ ಶಾದಿ?" ತಬಸ್ಸುಮ ಬಾಯಿ ತೆರೆದಳು. "ನನ್ನ ಶಾದಿ ಯಾರ ಕೂಡ?"

"ಆಫ್ತಾಬ ಕೂಡ..."

"ತೋಬಾ! ತೋಬಾ!" ತಬಸ್ಸುಮ ಎರಡೂ ಕೆನ್ನೆಗೆ ಬಡಿದುಕೊಂಡಳು. "ನಾ ಹುಟ್ಟಿದಾಗ ನಮ್ಮಮ್ಮಿ ಹಾಸಿಗಿ ಹಿಡದಿದ್ಲು. ಆಫ್ತಾಬ ಭಾಯಿ ತಾಯಿ, ನಮ್ಮ ದೊಡ್ಡಮ್ಮ ಆಶಾಬಿ, ತನ್ನ ಸಣ್ಣ ಮಗ ಯಾಸೀನಗೂ ನನಗೂ ಕೂಡೆ ಹಾಲು ಕುಡಿಸ್ಯಾಳ. ನಾ ಅವರಿಗೆ ಹಾಲಿನ ತಂಗಿ! ಶಾದಿ ಅನ್ನೂ ಮಾತ ಬರೂದಿಲ್ಲ!"

ಹಾಲಿನ ತಂಗಿ. ಒಂದೇ ತಾಯಿಯ ಎದೆಹಾಲು ಕುಡಿದವರು ಒಡಹುಟ್ಟಿದವರ ಸಮ, ಅವರಿಗೆ ನಿಕಾಹ್ ಇಲ್ಲ. ನಿಖತ ಚಿಕ್ಕಂದಿನಿಂದ ಕೇಳಿದ ಮಾತು! ಇಬ್ಬರನ್ನು ನೋಡಿ ಎಷ್ಟೋ ರಾತ್ರಿ ಹೊರಳಾಡಿದವಳಿಗೆ ಇದೊಂದು ಕೇಳಿ ತಿಳಿದುಕೊಳ್ಳಬೇಕು ಅಂತ ಹೊಳೆದಿರಲಿಲ್ಲ.

"ಮತ್ತ... ಆ ಕಟಗಿ... ಆ ಹಸರ ಬಟ್ಟಿ..."

"ನಿಮಗ ಆಪಾ!" ತಬಸ್ಸುಮ ಅಳತೊಡಗಿದಳು. "ಬಿಜ್ಜರಗಿಯಾಗ ಕಟಗಿ ಮ್ಯಾಲ ಕುಂತು ಜಗಳ ಮಾಡಿದ್ರಲಾ, ಅವತ್ತ ಮನಿಗೆ ಬಂದು ದೊಡ್ಡಮ್ಮಗ ಹೇಳಿದ್ನಂತ, 'ಅಮ್ಮಿ, ಈ ಕಟಗಿ ಮಾರೂದಿಲ್ಲ' ಅಂತ. ಒಂದ ವರ್ಷ ಒಣಗಿಸ್ಯಾನ. ಡಬ್ಬಿ ಕೊಡಾಕ ಬಂದಾಗ ನಾ ತಿರುವಿ ಇಡತಿದ್ದೆ. ನಾಳೆ ಐತವಾರ ಗಾಡಿ ಗಾಂಧಿ ಚೌಕಕ್ಕ ಬರೂದಿತ್ತು. ನಿಮ್ಮ ಮನಿ ಮುಂದ!"

ಪೆಂಡಾಲಿನಲ್ಲಿ ದೀಪಗಳು ಇನ್ನೂ ಉರಿಯುತ್ತಿದ್ದವು. ಜನ ಚಪ್ಪಾಳೆ ತಟ್ಟುತ್ತಿದ್ದರು.

'ಆತು, ತಿಳೀತು ನನಗ ನಿಮ್ಮ ಜವಾಬು.' ನಿಖತಳಿಗೆ ಈಗ ಅರ್ಥವಾಯಿತು. ಅವನು ಕೇಳುವ ಮೊದಲೇ ಅವಳು ತನ್ನ ಕೈಯಾರೆ ಇಲ್ಲ ಅಂದುಬಿಟ್ಟಿದ್ದಳು.

"ನಿನ್ನ ಭಾಯಿ ಏನಂದ?" ಅಂತ ಬಿಕ್ಕುತ್ತ ಕೇಳಿದಳು.

"ಏನೂ ಅಂದಿಲ್ಲ. ಉಂಡೂ ಇಲ್ಲ. 'ಆಕಿಗೆ ಆ ಕುನಾಲ ಮನಸಿಗೆ ಬಂದಿರಬೇಕು' ಅಂತ ದೊಡ್ಡಮ್ಮನ ಮುಂದ ಒಂದ ಮಾತ ಆಡ್ಯಾನ, ಅಷ್ಟ."

"ಕುನಾಲಗ ಎರಡ ಮಕ್ಕಳ ಅದಾವ!" ಅಳುವಿನ ನಡುವೆಯೇ ನಿಖತ ಚೀರಿದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು. ತಬಸ್ಸುಮಗೆ ನಗು ತಡೆಯಲಾಗಲಿಲ್ಲ. "ಹೊಟ್ಟಿಕಿಚ್ಚಿನ್ಯಾಗ ಇಬ್ಬರೂ ಒಂದ ನಮೂನಿ ಅದೀರಿ ಬಿಡ್ರಿ!"

* * *

ಭಾನುವಾರ ಬೆಳಿಗ್ಗೆ ಬಿಜ್ಜರಗಿಯಲ್ಲಿ ಪರಸಪ್ಪ ಹಲ್ಲುಜ್ಜುತ್ತ ನಿಂತಿದ್ದ. ನಿಖತ ಬಂದವಳೇ ಕೈ ಮುಗಿದಳು.

"ಕಾಕಾ, ಇನ್ನೊಂದ ಪಡ ಕಿತ್ತೀರಲಾ, ಆ ಕಟಗಿ ಒಂದ ಗಾಡಿ ಬೇಕು. ಈಗ. ಕಂಪನಿಗಲ್ಲ, ನನಗ!"

ಪರಸಪ್ಪ ಅವಳ ಮುಖ ನೋಡಿದ. "ಒಯ್ಯವ್ವಾ. ಈ ಸಲ ಮತ್ಯಾರಿಗೂ ಹೂಂ ಅಂದಿಲ್ಲ ನಾ."

ಟ್ರ್ಯಾಕ್ಟರ್ ಟಿಕೋಟಾ ದಾಟಿತು, ಬಬಲೇಶ್ವರ ದಾಟಿತು. ಕಟ್ಟಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ನಿಖತಳನ್ನು ದಾರಿಯ ಜನ ನಿಂತು ನೋಡಿದರು. ನೋಡಲಿ! ಸಾರವಾಡದಲ್ಲಿ ಆಫ್ತಾಬನ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಾಗ ಮಾತ್ರ ಅವಳ ಧೈರ್ಯವೆಲ್ಲ ಎಲ್ಲಿಗೋ ಹೋಯಿತು.

ಆಫ್ತಾಬ ಒಳಗಿನಿಂದ ಬಂದ. ಎರಡೇ ದಿನಕ್ಕೆ ಮುಖ ಬತ್ತಿತ್ತು.

"ಕಟಗಿ ಮಾರಾಕ ಬಂದೀರೇನ್ರಿ? ಇಳೀರಿ, ಮೇಡಂ."

"ಇಳಿಯೂದಿಲ್ಲ!"

"ಯಾಕ?"

"ಮೇಡಂ ಅಂದ್ರ ಇಳಿಯೂದಿಲ್ಲ. ಹೆಸರ ಹಿಡದ ಕರೀರಿ." ಅವಳು ಒಂದು ಬೊಡ್ಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಆಮ್ಯಾಲ ಬೈರಿ. ಏನ್ ಬೇಕಾದ್ರೂ ಬೈರಿ... ನಾ ತಬಸ್ಸುಮನ ಶಾದಿ ಕಟಗಿ ಅಂತ ತಿಳಕೊಂಡೆ. ನಿಮ್ಮಿಬ್ರನ್ನ ನೋಡಿದ್ರ ಮೈಯೆಲ್ಲಾ ಉರೀತಿತ್ತು. ತಿಂದ ಕೂಳು ಮೈಗೆ ಹತ್ತತಿರಲಿಲ್ಲ. ಗೊತ್ತಿದ್ದ ಸುಟ್ಟೆ. ಸಿಟ್ಟೀಲೆ ಸುಟ್ಟೆ! ತಪ್ಪ ನಂದಾ."

ಆಫ್ತಾಬ ಟ್ರ್ಯಾಕ್ಟರಿನ ಹತ್ತಿರ ಬಂದ.

"ಯಾಕ ಉರೀತಿತ್ತು?" ಮೆಲ್ಲಗೆ ಕೇಳಿದ.

"ಅದನ್ನ ಬಾಯಿಲೆ ಹೇಳಾಂಗಿಲ್ಲಂತಲಾ ನಿಮ್ಮ ಮನಿತನದಾಗ! ಅದಕ್ಕ ಗಾಡಿ ತಂದೇನಿ. ಈಗ ನಿಂತೈತಿ ನೋಡ್ರಿ, ನಿಮ್ಮ ಮನಿ ಮುಂದ."

ಒಳಗಿನಿಂದ ಆಶಾಬಿ ಬಾಗಿಲಿಗೆ ಬಂದರು. ಗಾಡಿ ನೋಡಿದರು, ಮೇಲೆ ಕೂತ ಹುಡುಗಿಯನ್ನು ನೋಡಿದರು.

"ಯವ್ವಾ! ಹುಡುಗಿ ಕಡಿಂದ ಗಾಡಿ ಬಂದದ್ದು ಈ ಮನಿತನದಾಗ ಇದಾ ಮದಲು. ನಿಮ್ಮಪ್ಪಗ ಗೊತ್ತೈತೇನು ಬೇ?"

"ರಾತ್ರಿ ಎಲ್ಲಾ ಹೇಳೇನಿ ಅಮ್ಮಿ. ಅಬ್ಬಾ ಹಿಂದ ಆಟೋದಾಗ ಬರಾಕತ್ತಾರ. ಕಟಗಿ ಮ್ಯಾಲ ಕೂಡಾಕ ಒಲ್ಲೆ ಅಂದ್ರು."

ಆಫ್ತಾಬನ ಎಡಗೆನ್ನೆಯಲ್ಲಿ ಆ ಹಾಳಾದ ಗುಳಿ ಬೀಳತೊಡಗಿತು. ಅವನು ಕೈ ಚಾಚಿದ.

"ಮೀಟರ್ ಕೊಡು ಇಲ್ಲಿ."

ಕೊಟ್ಟಳು. ಅವನು ಒಂದು ಬೊಡ್ಡೆಗೆ ಚುಚ್ಚಿ ಗಂಭೀರವಾಗಿ ನೋಡಿದ. "ನಲವತ್ತೈದು. ಹಸಿ ಐತಿ. ಬರೂ ಬ್ಯಾಸಗಿತನಕ ಒಣಗಬೇಕು. ಅಲ್ಲಿತನಕ ಶಾದಿ ಇಲ್ಲ."

"ಅಲ್ಲಿತನಕ ನಾ ಕಾಯೂದಿಲ್ಲ!"

ಅಂದವಳೇ ಬ್ಯಾಗಿಗೆ ಕೈ ಹಾಕಿದಳು. ಮೊಳದುದ್ದದ ಒಂದು ಬೊಡ್ಡೆ ತೆಗೆದು ಅವನ ಕೈಗಿಟ್ಟಳು. ಬಿಸಿಲು ಬೀಳುವ ಮೇಜಿನ ಮೇಲೆ ಒಂದು ವರ್ಷ ಇದ್ದು ಅದು ಹಗುರಾಗಿತ್ತು.

ಆಫ್ತಾಬ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು... ಅವತ್ತ ನಾ ಕೊಟ್ಟದ್ದು..."

"ಸ್ಯಾಂಪಲ್," ಅಂದಳು ನಿಖತ. "ಆ ಗಾಡಿದು ಇದೊಂದ ಉಳದೈತಿ. ಯಾರಿಗೂ ಮುಟ್ಟಗೊಟ್ಟಿಲ್ಲ ನಾ."

ಅವನು ಮೀಟರ್ ಚುಚ್ಚಲಿಲ್ಲ. ಬೊಡ್ಡೆಯನ್ನು ತಾಯಿಗೆ ತೋರಿಸಿದ. "ಅಮ್ಮಿ, ಇದೊಂದಾ ಐತಿ. ನಡೀತೈತೇನು?"

ಆಶಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಲಿಗೆ ಮದಲ ಕಟಗಿ ನಿನ್ನ ಕೈಲೆ ಒಣಗಿದ್ದಿರಬೇಕು..."

"ನನ್ನ ಕೈಲೆ ಅಲ್ಲ. ಆಕಿ ಕೈಲೆ ಒಣಗೇತಿ."

"ಹಂಗಾರ ಇನ್ನೂ ಛಲೋ! ಮದಲ ಕಟಗಿ ಇದನ್ನ ಇಡ್ರಿ. ಉಳಿದ ಅಡಗಿಗೆ ಬಾವರ್ಚಿ ಗ್ಯಾಸ್ ಹಚ್ಚಲಿ ಬಿಡು!" ಅಂತ ಅವರು ಚಹಾಕ್ಕಿಡಲು ಒಳಗೆ ಹೋದರು. ಬೇಕೆಂದೇ ಹೋದರು.

ಆಫ್ತಾಬ ಜೇಬಿನಿಂದ ಹಸಿರು ಬಟ್ಟೆ ತೆಗೆದ. ಎರಡು ದಿನ ಅದು ಅಲ್ಲೇ ಇತ್ತು. ಬೊಡ್ಡೆಗೆ ಸುತ್ತಿ ಗಂಟು ಹಾಕಿದ. ಆಮೇಲೆ ತಲೆಯೆತ್ತಿದ.

"ನಿಖತ... ಇಳಿ ಈಗ."

ಅವನು ಚಾಚಿದ ಕೈ ಹಿಡಿದು ಅವಳು ಇಳಿದಳು. ಇಳಿದ ಮೇಲೂ ಅವನು ಕೈ ಬಿಡಲಿಲ್ಲ.

"ಇದನ್ನ ಮಾತ್ರ ಯಂತ್ರಕ್ಕ ಹಾಕಬ್ಯಾಡ ನೋಡು ಮತ್ತ."

"ಹಾಕೂದಿಲ್ಲ. ಆದ್ರ ಶಾದಿ ತನಕ ಇದು ನನ್ನ ಹಂತ್ಯಾಕ ಇರಲಿ. ತಬಸ್ಸುಮನ ಕೈಯಾಗ ಕೊಡಬ್ಯಾಡ್ರಿ."

"ಹಾಲಿನ ತಂಗಿ ಅಂತ ಗೊತ್ತಾದ ಮ್ಯಾಲೂ ಹೊಟ್ಟಿಕಿಚ್ಚೇನು?"

ನಿಖತ ಬೊಡ್ಡೆಯನ್ನು ಎದೆಗೊತ್ತಿ ಹಿಡಿದುಕೊಂಡಳು.

"ಸ್ವಲ್ಪ... ಇರಲಿ ಬಿಡ್ರಿ."